ಅಪರೂಪದ ಬಣ್ಣದ ಕಾರು: ಬುಕಿಂಗ್‌ನಿಂದ ಕ್ಲೇಮ್‌ವರೆಗೆ ಸಮಗ್ರ ಮಾರ್ಗದರ್ಶಿ

ಬಣ್ಣ ನೋಡಿ ಇನ್ಶೂರೆನ್ಸ್ ಪ್ರೀಮಿಯಂ ಹೆಚ್ಚು ಹಾಕುತ್ತಾರಾ ಎಂದು ತುಂಬ ಜನ ಕೇಳುತ್ತಾರೆ. ಇಲ್ಲ. ಸ್ವಂತ ಕಾರಿನ ಹಾನಿಗೆ ಕಟ್ಟುವ ಓಡಿ ಪ್ರೀಮಿಯಂ ನಿಂತಿರುವುದು ಕಾರಿನ ಐಡಿವಿ (ವಿಮೆಗಾಗಿ ಲೆಕ್ಕ ಹಾಕಿದ ಕಾರಿನ ಬೆಲೆ), ಎಂಜಿನ್ ಸಿಸಿ, ಕಾರಿನ ವಯಸ್ಸು ಮತ್ತು ನೋಂದಣಿಯ ಊರಿನ ಮೇಲೆ. ಈ ಲೆಕ್ಕಕ್ಕೆ ಊರುಗಳನ್ನು ವಲಯ ಮಾಡಿದ್ದಾರೆ: ಬೆಂಗಳೂರು ಎ ವಲಯ. ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಎಲ್ಲ ಬಿ ವಲಯ. ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ಸರ್ಕಾರವೇ ಸಿಸಿ ನೋಡಿ ನಿಗದಿ ಮಾಡುತ್ತದೆ. ಕೆಂಪು ಕಾರಿಗೆ ಪ್ರೀಮಿಯಂ ಜಾಸ್ತಿ ಎಂಬ ಮಾತು ಅಮೆರಿಕದಲ್ಲೂ ಓಡಾಡುತ್ತದೆ. ಅಲ್ಲಿನ ವಿಮಾ ಕಂಪನಿಗಳೂ ಬಣ್ಣ ನೋಡಿ ದರ ಹಾಕುವುದಿಲ್ಲ.

ಬಣ್ಣದ ಖರ್ಚು ಬರುವುದು ಗುದ್ದಿದ ದಿನ, ಬಾಡಿ ಶಾಪ್‌ನ ಎಸ್ಟಿಮೇಟ್ ಹಾಳೆಯಲ್ಲಿ. ಅಲ್ಲಿ ಒಂದು ಸಾಲು ಬಿಟ್ಟುಹೋದರೆ ನಿಮ್ಮ ಮುತ್ತಿನ ಬಿಳಿ ಕಾರಿನ ಒಂದು ಬಾಗಿಲು ಜೀವಮಾನವಿಡೀ ಹಳದಿ ಹೊಡೆಯುತ್ತದೆ. ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ: ಅಪರೂಪದ ಬಣ್ಣದವರು ಕೇಳಬೇಕಾದ್ದನ್ನೆಲ್ಲ ಕೆಲಸ ಶುರುವಾಗುವ ಮೊದಲೇ ಕೇಳಬೇಕು, ಬರಹದಲ್ಲಿ ಕೇಳಬೇಕು.

ಮೊದಲು, ನಿಮ್ಮದು ಯಾವ ಬಗೆಯ ಬಣ್ಣ

ಹೆಸರು ನೋಡಿ ತೀರ್ಮಾನಿಸಬೇಡಿ, ಪದರ ನೋಡಿ. ಕಾರಿನ ಲೋಹದ ಮೇಲೆ ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್ ಇರುತ್ತದೆ. ಇಷ್ಟೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ರಿಪೇರಿಯ ಕಷ್ಟ ನಿರ್ಧಾರವಾಗುವುದು ಬೇಸ್ ಕೋಟ್‌ನಲ್ಲಿ ಏನಿದೆ ಎಂಬುದರ ಮೇಲೆ.

ಸಾದಾ ಬಿಳಿ, ಸಾದಾ ಕಪ್ಪು ಸಾಲಿಡ್ ಬಣ್ಣಗಳು. ಇವನ್ನು ಹೊಂದಿಸುವುದು ಸುಲಭ. ಗಾಢ ಹಳದಿ, ಕಿತ್ತಳೆ, ಕೆಂಪು ಕೂಡ ಸರಳ ಎನಿಸಬಹುದು, ಆದರೆ ಈ ಬಣ್ಣಗಳಿಗೆ ಕೆಳಗಿನ ಪದರವನ್ನು ಮುಚ್ಚುವ ಶಕ್ತಿ ಕಡಿಮೆ. ಫೋಕ್ಸ್‌ವ್ಯಾಗನ್ ಟೈಗುನ್‌ನಲ್ಲಿ ಬಂದ ಅರಿಶಿನದಂಥ ಹಳದಿ, ಸ್ಕೋಡಾ ಕುಶಾಕ್‌ನ ಜೇನುಕಿತ್ತಳೆ ಇಂಥವು. ಪ್ರೈಮರ್‌ನ ಬೂದು ಒಂದು ಚೂರು ಹೆಚ್ಚು ಕಪ್ಪಾದರೂ ಮೇಲಿನ ಹಳದಿ ಮಂಕಾಗುತ್ತದೆ. ಅನುಭವಿ ಪೇಂಟರ್ ಪ್ರೈಮರ್‌ನ ಛಾಯೆಯನ್ನೇ ಮೊದಲು ಆರಿಸಿಕೊಳ್ಳುತ್ತಾನೆ.

ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಒದ್ದೆಯಾಗಿ, ದಪ್ಪಗೆ ಸ್ಪ್ರೇ ಮಾಡಿದರೆ ಚೂರುಗಳು ಕೆಳಗಿಳಿದು ಬಣ್ಣ ಗಾಢವಾಗುತ್ತದೆ. ಗನ್ ದೂರ ಹಿಡಿದು ಒಣಗೊಣಗಾಗಿ ಹೊಡೆದರೆ ತಿಳಿಯಾಗುತ್ತದೆ. ಅಂದರೆ ಡಬ್ಬಿಯೊಳಗಿನ ಬಣ್ಣ ಪಕ್ಕಾ ಸರಿಯಿದ್ದರೂ ಕೈ ಬದಲಾದರೆ ಛಾಯೆ ಬದಲು. ಎದುರಿಂದ ನೋಡಿದಾಗ ಸರಿಯಾಗಿ ಕಾಣುವುದು ಓರೆಯಿಂದ ನೋಡಿದಾಗ ಬೇರೆಯಾಗಿ ಕಾಣುವುದೂ ಇದೇ ಕಾರಣಕ್ಕೆ.

ನಿಜವಾದ ತಲೆನೋವು ಮೂರು ಪದರದ ಪರ್ಲ್. ಕೆಳಗೆ ಬಿಳಿ ನೆಲ, ನಡುವೆ ಅಭ್ರಕದ ಚೂರುಗಳಿರುವ ಪಾರದರ್ಶಕ ಪದರ, ಮೇಲೆ ಕ್ಲಿಯರ್. ಬೆಳಕು ನಡುವಿನ ಪದರ ದಾಟಿ ಬಿಳಿಗೆ ತಾಗಿ ಮತ್ತೆ ಹೊರಬರುತ್ತದೆ. ಹಾಗಾಗಿ ನಡುವಿನ ಪದರ ಒಂದು ಕೋಟ್ ಹೆಚ್ಚು ಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ವಿದೇಶದಲ್ಲಿರುವ ಕನ್ನಡಿಗರಿಗೆ ಮಾಜ್ದಾದ ಸೋಲ್ ರೆಡ್ ಕ್ರಿಸ್ಟಲ್ ಗೊತ್ತಿರುತ್ತದೆ, ಕೋಡ್ 46ವಿ. ಬೆಳಕು ತಿರುಗಿಸುವ ಪದರ, ಅದರ ಮೇಲೆ ಪಾರದರ್ಶಕ ಕೆಂಪು, ಆಮೇಲೆ ಕ್ಲಿಯರ್. ಅಲ್ಲಿನ ಬಾಡಿ ಶಾಪ್‌ಗಳಿಗೂ ಅದು ಬೆವರಿಳಿಸುವ ಬಣ್ಣವೇ.

ಕೊನೆಯದು ಮ್ಯಾಟ್ ಮತ್ತು ಸ್ಯಾಟಿನ್. ಹುಂಡೈ ಕ್ರೆಟಾ ನೈಟ್‌ನ ಟೈಟಾನ್ ಗ್ರೇ ಮ್ಯಾಟ್, ಟೈಗುನ್‌ನ ಕಾರ್ಬನ್ ಸ್ಟೀಲ್ ಮ್ಯಾಟ್, ಮಹೀಂದ್ರಾ ಬಿಇ 6ರ ಸ್ಯಾಟಿನ್ ಬಣ್ಣಗಳು ಈ ಗುಂಪಿನವು. ಇಲ್ಲಿ ಕ್ಲಿಯರ್ ಕೋಟ್‌ನಲ್ಲೇ ಹೊಳಪು ತಗ್ಗಿಸುವ ವಸ್ತು ಬೆರೆತಿರುತ್ತದೆ. ಸಾಮಾನ್ಯ ಕಾರಿನ ಸಣ್ಣ ಗೀರನ್ನು ರಬ್ಬಿಂಗ್-ಪಾಲಿಶ್ ಮಾಡಿ ತೆಗೆಯಬಹುದು. ಮ್ಯಾಟ್ ಕಾರಿನಲ್ಲಿ ತಿಕ್ಕಿದ ಜಾಗ ಹೊಳೆಯತೊಡಗುತ್ತದೆ, ಮತ್ತೆ ಮ್ಯಾಟ್ ಆಗುವುದಿಲ್ಲ. ಉಗುರಿನಷ್ಟು ಗೀರಿಗೂ ಇಡೀ ಪ್ಯಾನೆಲ್‌ಗೆ ಅಂಚಿನಿಂದ ಅಂಚಿಗೆ ಹೊಸ ಕೋಟ್ ಬೇಕು. ಮೆಟ್ರೊ ನಿಲ್ದಾಣದ ಪಕ್ಕ, ಮಾರುಕಟ್ಟೆಯಲ್ಲಿ, ಅಪಾರ್ಟ್‌ಮೆಂಟಿನ ಕಿರಿದಾದ ಬೇಸ್‌ಮೆಂಟಿನಲ್ಲಿ ದಿನಾ ಕಾರು ನಿಲ್ಲಿಸುವವರು ಮ್ಯಾಟ್ ತೆಗೆದುಕೊಳ್ಳುವುದು ಬೇಡ ಎಂದೇ ನನ್ನ ಸಲಹೆ.

ಬುಕ್ ಮಾಡುವ ಮುನ್ನ

ಷೋರೂಮಿನ ಸೇಲ್ಸ್‌ನವರನ್ನು ಬಿಟ್ಟು ಅದೇ ಡೀಲರ್‌ನ ಬಾಡಿ ಶಾಪ್‌ಗೆ ಒಮ್ಮೆ ಹೋಗಿ ಬನ್ನಿ. ಸರ್ವಿಸ್ ಅಡ್ವೈಸರ್ ಹತ್ತಿರ ಕೇಳಬೇಕಾದ್ದು ಇಷ್ಟು: ಈ ಬಣ್ಣದಲ್ಲಿ ಒಂದು ಬಾಗಿಲಿಗೆ ಪೇಂಟ್ ಚಾರ್ಜ್ ಎಷ್ಟು, ಸಾದಾ ಬಿಳಿಗೆ ಎಷ್ಟು? ಪಕ್ಕದ ಪ್ಯಾನೆಲ್‌ಗೆ ಬ್ಲೆಂಡ್ ಮಾಡುತ್ತೀರಾ, ಅಂದರೆ ಹೊಸ ಬಣ್ಣವನ್ನು ಅದರೊಳಗೆ ಕರಗಿಸಿ ಹೊಂದಿಸುತ್ತೀರಾ? ಮ್ಯಾಟ್ ಕೆಲಸ ಇಲ್ಲೇ ಆಗುತ್ತದೋ ಬೇರೆ ಊರಿಗೆ ಕಳಿಸುತ್ತೀರೋ? ಜಿಲ್ಲಾ ಕೇಂದ್ರಗಳಲ್ಲಿ ಇರುವವರಿಗೆ ಕೊನೆಯ ಪ್ರಶ್ನೆ ಬಹಳ ಮುಖ್ಯ. ಬಿಸಿ ಗಾಳಿಯ ಬೂತ್ ಇಲ್ಲದ, ಧೂಳು ತಡೆಯುವ ಕೋಣೆಯಿಲ್ಲದ ಗ್ಯಾರೇಜಿನಲ್ಲಿ ಪರ್ಲ್ ಹೊಡೆಸುವ ಕೆಲಸಕ್ಕೆ ಹೋಗಲೇಬಾರದು.

ನೀವಿರುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೋಲಾರದ ಕಡೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದರೆ ಗಾಢ ಬಣ್ಣದ ಮೇಲೆ ಬಿಳಿ ಚುಕ್ಕಿ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಬಯಲಲ್ಲೇ ನಿಲ್ಲುವ ಕೆಂಪು ಕಾರು ಬೇಗ ಮಂಕಾಗುತ್ತದೆ, ಐದು ವರ್ಷದ ನಂತರ ಒಂದು ಪ್ಯಾನೆಲ್ ಹೊಸದಾಗಿ ಹೊಡೆಸಿದರೆ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗುವುದಿಲ್ಲ.

ಕಾರು ಮನೆಗೆ ಬಂದ ದಿನ

ಪೇಂಟ್ ಕೋಡ್ ಹುಡುಕಿ ಫೋಟೊ ತೆಗೆದಿಡಿ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಥವಾ ಬಾನೆಟ್ ಒಳಗಿನ ಫಲಕದಲ್ಲಿ ಹೆಚ್ಚಾಗಿ ಸಿಗುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಸ್ಟೆಪ್ನಿ ಇಡುವ ಜಾಗದಲ್ಲಿ ಸ್ಟಿಕ್ಕರ್ ಇರುವುದುಂಟು. ಮಾರುತಿಯ ಸುಪೀರಿಯರ್ ವೈಟ್ 26ಯು, ಪರ್ಲ್ ಆರ್ಕ್ಟಿಕ್ ವೈಟ್ ಝಡ್‌ಎಚ್‌ಜೆ. ಎರಡೂ ಬಿಳಿ, ಒಂದು ಸಾಲಿಡ್, ಒಂದು ಪರ್ಲ್. ‘ಮಾರುತಿ ಬಿಳಿ’ ಎಂದಷ್ಟೇ ಹೇಳಿ ಪೇಂಟ್ ತರಿಸಿದರೆ ಆಗುವ ಅನಾಹುತ ಇದರಿಂದಲೇ ಗೊತ್ತಾಗುತ್ತದೆ.

ಪಾಲಿಸಿ ಹಾಳೆಯಲ್ಲಿ ಐಡಿವಿ ನೋಡಿ. ಅದು ಕಂಪನಿ ಪ್ರಕಟಿಸಿದ ಮಾರಾಟ ಬೆಲೆಯ ಮೇಲೆ ಲೆಕ್ಕವಾಗುವ ಮೊತ್ತ. ಮೊದಲ ಆರು ತಿಂಗಳಿಗೆ 5%, ಒಂದು ವರ್ಷದವರೆಗೆ 15%, ಎರಡು ವರ್ಷದವರೆಗೆ 20% ಹೀಗೆ ಸವಕಳಿ ಕಳೆಯುತ್ತಾ ಹೋಗುತ್ತಾರೆ. ಮ್ಯಾಟ್‌ಗೋ ಡ್ಯುಯಲ್ ಟೋನ್‌ಗೋ ನೀವು ಹೆಚ್ಚು ಹಣ ಕೊಟ್ಟಿದ್ದರೆ ಆ ಬೆಲೆಯನ್ನೇ ಆಧಾರವಾಗಿ ಹಿಡಿದಿದ್ದಾರೋ, ಸಾದಾ ಬಣ್ಣದ ಬೆಲೆ ಹಿಡಿದಿದ್ದಾರೋ ಪರೀಕ್ಷಿಸಿ.

ಆಮೇಲೆ ಜೆ.ಸಿ. ರಸ್ತೆಯಲ್ಲೋ ಡಿಟೇಲಿಂಗ್ ಸ್ಟುಡಿಯೊದಲ್ಲೋ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿದರೆ ಅದು ಕಂಪನಿಯ ಬೆಲೆಯೊಳಗೆ ಬಂದಿಲ್ಲ. ಇದನ್ನು ಪ್ರತ್ಯೇಕ ಆಕ್ಸೆಸರಿ ಎಂದು ಬಿಲ್ ಕೊಟ್ಟು ಘೋಷಿಸಬಹುದೇ ಎಂದು ವಿಮಾ ಕಂಪನಿಗೆ ಇಮೇಲ್ ಮಾಡಿ, ಒಪ್ಪಿದರೆ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರ) ಪಡೆಯಿರಿ. ಘೋಷಿಸದ ಪಿಪಿಎಫ್‌ಗೆ ಕ್ಲೇಮ್‌ನಲ್ಲಿ ದುಡ್ಡು ನಿರೀಕ್ಷಿಸಬೇಡಿ.

ಪಾಲಿಸಿಯ ಜೊತೆ ಹೆಚ್ಚುವರಿಯಾಗಿ ಕೊಳ್ಳುವ ಆಡ್-ಆನ್‌ಗಳಲ್ಲಿ ಅಪರೂಪದ ಬಣ್ಣದವರಿಗೆ ಬೇಕೇ ಬೇಕಾದ್ದು ಝೀರೊ ಡಿಪ್ರಿಸಿಯೇಶನ್ (ಝೀರೊ ಡೆಪ್, ಕ್ಲೇಮ್‌ನಲ್ಲಿ ಸವಕಳಿ ಕಳೆಯದಂತೆ ಕಾಯುವುದು) ಮತ್ತು ಎನ್‌ಸಿಬಿ ಪ್ರೊಟೆಕ್ಟ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಉಳಿಸುವುದು). ಏಕೆಂದು ಮುಂದಿನ ಲೆಕ್ಕ ನೋಡಿದರೆ ತಿಳಿಯುತ್ತದೆ.

ಗುದ್ದಿದ ಮೇಲೆ: ಕ್ಲೇಮ್ ಮಾಡುವುದೋ, ಕೈಯಿಂದ ಕೊಡುವುದೋ

ಮೊದಲು ಫೋಟೊ. ಹತ್ತಿರದಿಂದ, ದೂರದಿಂದ, ನಂಬರ್ ಪ್ಲೇಟ್ ಕಾಣುವಂತೆ, ಸಾಧ್ಯವಾದರೆ ಗುದ್ದಿದ ಜಾಗದಲ್ಲೇ. ಆ ದಿನವೇ ವಿಮಾ ಕಂಪನಿಗೆ ತಿಳಿಸಿ, ಗ್ಯಾರೇಜಿನವರು ಭಾಗ ಬಿಚ್ಚುವ ಮುನ್ನ ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡಲಿ. 50,000 ರೂಪಾಯಿ ಮೀರಿದ ನಷ್ಟಕ್ಕೆ ಪರವಾನಗಿ ಇರುವ ಸರ್ವೇಯರ್ ಬರಲೇಬೇಕು, ಅದಕ್ಕಿಂತ ಚಿಕ್ಕದನ್ನು ಕಂಪನಿಗಳು ಹೆಚ್ಚಾಗಿ ಫೋಟೊ-ವಿಡಿಯೊದಲ್ಲೇ ಮುಗಿಸುತ್ತವೆ.

ಈಗ ಲೆಕ್ಕ. 1,200 ಸಿಸಿ ಪೆಟ್ರೋಲ್ ಕಾರು, ಪರ್ಲ್ ಬಿಳಿ ಎಂದಿಟ್ಟುಕೊಳ್ಳಿ. ಹಿಂದಿನ ಬಾಗಿಲಿಗೆ ಆಟೊ ಉಜ್ಜಿದೆ. ಬಾಗಿಲು, ಅದರ ಎರಡೂ ಪಕ್ಕ ಬ್ಲೆಂಡ್, ಒಟ್ಟು ಮೂರು ಪ್ಯಾನೆಲ್‌ನ ಪೇಂಟಿಂಗ್ ಬಿಲ್ 18,000 ರೂಪಾಯಿ ಎಂದು ಹಿಡಿಯೋಣ. ಝೀರೊ ಡೆಪ್ ಇಲ್ಲ. ಬಹುತೇಕ ಪಾಲಿಸಿಗಳಲ್ಲಿ ಪೇಂಟ್‌ನ ಸವಕಳಿ 50%, ಆದರೆ ಅದು ಬಿಲ್‌ನ ಸಾಮಗ್ರಿ ಭಾಗಕ್ಕೆ ಮಾತ್ರ, ಕೂಲಿಗಲ್ಲ. ಕೂಲಿ-ಸಾಮಗ್ರಿ ಬೇರ್ಪಡಿಸದೆ ಒಟ್ಟು ಬಿಲ್ ಕೊಟ್ಟರೆ ಸಾಮಗ್ರಿ ಪಾಲು 25% ಎಂದು ಹಿಡಿಯುವುದು ನಿಯಮ. 18,000ದ 25% ಅಂದರೆ 4,500. ಅದರ ಅರ್ಧ 2,250 ನಿಮ್ಮ ಪಾಲು. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000. ಒಟ್ಟು 3,250 ನಿಮ್ಮ ಕೈಯಿಂದ, 14,750 ಕಂಪನಿಯಿಂದ.

ದುಬಾರಿ ಪರ್ಲ್ ಟಿಂಟ್ ಬಳಸಿದ್ದಕ್ಕೆ ಅದೇ ಗ್ಯಾರೇಜ್ ಸಾಮಗ್ರಿ 10,800, ಕೂಲಿ 7,200 ಎಂದು ಬೇರ್ಪಡಿಸಿ ಬಿಲ್ ಮಾಡಿದರೆ? ಸವಕಳಿ 5,400ಕ್ಕೆ ಏರುತ್ತದೆ. ಕೆಲಸ ಅದೇ, ನಿಮ್ಮ ಪಾಲು ಮಾತ್ರ 6,400. ಝೀರೊ ಡೆಪ್ ಇದ್ದರೆ ಈ ಸವಕಳಿಯ ಮಾತೇ ಬರುವುದಿಲ್ಲ. ಇಲ್ಲದವರು ಬಿಲ್ ಯಾವ ರೂಪದಲ್ಲಿ ಬರುತ್ತದೆ ಎಂದು ಮೊದಲೇ ಕೇಳಿ. ಬಂಪರ್‌ನಂಥ ಪ್ಲಾಸ್ಟಿಕ್ ಭಾಗ ಬದಲಾಯಿಸಿದರೆ ಭಾಗದ ಬೆಲೆಗೇ 50% ಸವಕಳಿ ಬೀಳುತ್ತದೆ ಎಂಬುದೂ ನೆನಪಿರಲಿ.

14,750 ಸಿಕ್ಕಿತು ಎಂದು ಖುಷಿಪಡುವ ಮುನ್ನ ಎನ್‌ಸಿಬಿ ನೋಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಓಡಿ ಪ್ರೀಮಿಯಂನಲ್ಲಿ 20, 25, 35, 45, 50% ಎಂದು ರಿಯಾಯಿತಿ ಏರುತ್ತದೆ. ನೀವು ಈಗ 35%ರಲ್ಲಿದ್ದೀರಿ, ರಿಯಾಯಿತಿಗೆ ಮುಂಚಿನ ಓಡಿ ಪ್ರೀಮಿಯಂ 12,000 ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ 45%ರ ಬದಲು ಸೊನ್ನೆ. ಅದರ ಮುಂದಿನ ವರ್ಷ 50ರ ಬದಲು 20, ಆಮೇಲೆ 50ರ ಬದಲು 25, ಮತ್ತೆ 35, ಮತ್ತೆ 45. ಕಳೆದುಕೊಂಡದ್ದನ್ನು ಕೂಡಿಸಿದರೆ 45, 30, 25, 15, 5, ಒಟ್ಟು 120%. ಪ್ರೀಮಿಯಂ 12,000ದಲ್ಲೇ ನಿಂತರೆ 14,400 ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ. ಆದರೂ ಕಂಪನಿ ಕೊಟ್ಟ ದುಡ್ಡಿನ ಬಹುಪಾಲು ಐದು ವರ್ಷದಲ್ಲಿ ನೀವೇ ವಾಪಸು ಕಟ್ಟಿದಂತಾಯಿತು. ಎನ್‌ಸಿಬಿ ಪ್ರೊಟೆಕ್ಟ್ ಇಲ್ಲದವರು ಒಂದೇ ಬಾಗಿಲಿನ ಕೆಲಸಕ್ಕೆ ಕ್ಲೇಮ್ ಹಾಕುವ ಮೊದಲು ಈ ಕೂಡಿಕೆಯನ್ನು ತಮ್ಮ ಪಾಲಿಸಿಯ ಅಂಕಿಗಳಿಂದ ಮಾಡಿ ನೋಡಲಿ.

ಇನ್ನೊಂದು ಮಾತು. ‘ಒಂದೇ ಕ್ಲೇಮ್‌ನಲ್ಲಿ ಫುಲ್ ಬಾಡಿ ಮಾಡಿಸಿಕೊಡ್ತೀವಿ’ ಎಂದು ಆಸೆ ತೋರಿಸುವ ಗ್ಯಾರೇಜುಗಳಿವೆ. ಬೇರೆಬೇರೆ ದಿನ ಆದ ಗೀರುಗಳನ್ನು ಒಂದೇ ಅಪಘಾತ ಎಂದು ಬರೆಸುವುದು ಸುಳ್ಳು ಹೇಳಿಕೆ. ಅದಕ್ಕೆ ಸಹಿ ಹಾಕುವವರು ನೀವು, ಸಿಕ್ಕಿಬಿದ್ದರೆ ಇಡೀ ಕ್ಲೇಮ್ ಹೋಗುತ್ತದೆ.

ಎಸ್ಟಿಮೇಟ್ ಹಾಳೆ: ಇಲ್ಲೇ ಗೆಲ್ಲಬೇಕು

ಸರ್ವೇಯರ್ ಸಾಮಾನ್ಯವಾಗಿ ಪೆಟ್ಟು ಬಿದ್ದ ಪ್ಯಾನೆಲ್‌ಗೆ ಮಾತ್ರ ಒಪ್ಪಿಗೆ ಕೊಡುತ್ತಾರೆ. ಸಾದಾ ಬಿಳಿಗೆ ಅಷ್ಟು ಸಾಕು. ಮೆಟಾಲಿಕ್, ಪರ್ಲ್‌ಗೆ ಸಾಲದು. ಹೊಸ ಬಣ್ಣವನ್ನು ಪಕ್ಕದ ಪ್ಯಾನೆಲ್ ಮೇಲೆ ಸ್ವಲ್ಪಸ್ವಲ್ಪವೇ ತೆಳುವಾಗಿಸುತ್ತಾ ಕರಗಿಸಿ, ಆ ಪ್ಯಾನೆಲ್‌ಗೂ ಪೂರ್ತಿ ಕ್ಲಿಯರ್ ಹೊಡೆದರೆ ಮಾತ್ರ ಬೆಸುಗೆ ಕಾಣುವುದಿಲ್ಲ. ಇದೇ ಬ್ಲೆಂಡಿಂಗ್. ಅಪಘಾತದ ನಂತರ ಕಾರು ಮೊದಲಿನ ಸ್ಥಿತಿಗೆ ಬರಬೇಕೆಂದರೆ ಇದು ಬೇಕೇ ಬೇಕು, ಶೋಕಿಯ ಖರ್ಚಲ್ಲ.

ಆದ್ದರಿಂದ ಎಸ್ಟಿಮೇಟ್‌ನಲ್ಲಿ ಈ ಸಾಲುಗಳನ್ನು ಬರೆಸಿ: ಪೇಂಟ್ ಕೋಡ್, ‘ಮೂರು ಪದರದ ಪರ್ಲ್’ ಅಥವಾ ‘ಮ್ಯಾಟ್’ ಎಂಬ ವಿವರ, ಬ್ಲೆಂಡ್ ಮಾಡುವ ಪ್ಯಾನೆಲ್‌ಗಳ ಹೆಸರು, ಹಿಡಿಕೆ, ಬೀಡಿಂಗ್, ಲೈಟ್ ಬಿಚ್ಚಿ ಜೋಡಿಸುವ ಕೂಲಿ. ಹಿಡಿಕೆ ಬಿಚ್ಚದೆ ಸುತ್ತ ಟೇಪ್ ಹಚ್ಚಿ ಹೊಡೆದರೆ ಮುಂದೆ ಅಲ್ಲಿಂದಲೇ ಕ್ಲಿಯರ್ ಏಳುತ್ತದೆ. ಎಸ್ಟಿಮೇಟ್ ಹೋದ ಮೇಲೆ ಸರ್ವೇಯರ್‌ಗೆ ಚಿಕ್ಕದೊಂದು ಇಮೇಲ್ ಕಳಿಸಿ:

‘ಸರ್, ನನ್ನ ಕಾರಿನ ಬಣ್ಣ ಮೂರು ಪದರದ ಪರ್ಲ್, ಕೋಡ್ ಇಂಥದ್ದು. ಪಕ್ಕದ ಎರಡು ಪ್ಯಾನೆಲ್‌ಗೆ ಬ್ಲೆಂಡ್ ಮಾಡದೆ ಛಾಯೆ ಹೊಂದುವುದಿಲ್ಲ ಎಂದು ವರ್ಕ್‌ಶಾಪ್ ಬರಹದಲ್ಲಿ ತಿಳಿಸಿದೆ, ಲಗತ್ತಿಸಿದ್ದೇನೆ. ದಯವಿಟ್ಟು ಅಪ್ರೂವಲ್‌ನಲ್ಲಿ ಸೇರಿಸಿ. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ.’

ಕೊನೆಯ ವಾಕ್ಯ ಬಿಡಬೇಡಿ. ಬಾಯಿಮಾತಿನ ‘ಆಗಲ್ಲ’ವನ್ನು ಮುಂದೆ ಯಾರ ಮುಂದೆಯೂ ಪ್ರಶ್ನಿಸಲಾಗುವುದಿಲ್ಲ.

ಬೂತ್‌ಗೆ ಹೋಗುವ ಮೊದಲಿನ ಪರೀಕ್ಷೆ

ಒಳ್ಳೆಯ ಪೇಂಟರ್ ಕೆಲಸ ಮಾಡುವುದನ್ನು ನೋಡಬೇಕು. ಕಾರಿನ ಪೆಟ್ರೋಲ್ ಮುಚ್ಚಳ ಬಿಚ್ಚಿ ಮಿಕ್ಸಿಂಗ್ ಕೋಣೆಗೆ ಒಯ್ಯುತ್ತಾನೆ, ಸುತ್ತಲಿನ ಬಣ್ಣವನ್ನು ಪಾಲಿಶ್ ಮಾಡಿ ಧೂಳಿನ ಪೊರೆ ತೆಗೆಯುತ್ತಾನೆ. ಒಂದೇ ಕೋಡ್‌ಗೆ ಪೇಂಟ್ ಕಂಪನಿಯ ಪಟ್ಟಿಯಲ್ಲಿ ಹಲವು ಉಪಛಾಯೆಗಳಿರುತ್ತವೆ, ಹತ್ತಿರದ್ದನ್ನು ಆರಿಸುತ್ತಾನೆ. ಒಂದು ತಗಡಿನ ಕಾರ್ಡಿಗೆ ಬಿಳಿ ನೆಲ ಹೊಡೆದು, ಅದರ ಮೇಲೆ ಪಟ್ಟಿಪಟ್ಟಿಯಾಗಿ ಟೇಪ್ ಹಚ್ಚಿ, ನಡುವಿನ ಪರ್ಲ್ ಅನ್ನು ಒಂದು ಪಟ್ಟಿಗೆ ಒಂದು ಕೋಟ್, ಮುಂದಿನದಕ್ಕೆ ಎರಡು, ಮೂರು, ನಾಲ್ಕು ಎಂದು ಹೊಡೆಯುತ್ತಾನೆ. ಟೇಪ್ ಕಿತ್ತು ಎಲ್ಲಕ್ಕೂ ಕ್ಲಿಯರ್ ಹಾಕಿ ಒಣಗಿಸುತ್ತಾನೆ. ಆಮೇಲೆ ಕಾರ್ಡನ್ನು ಹೊರಗೆ ತಂದು ಬಿಸಿಲಲ್ಲಿ ಬಾಗಿಲಿಗೆ ತಾಗಿಸಿ ಹಿಡಿದು, ಎದುರಿಂದ, ಓರೆಯಿಂದ, ಮೊಣಕಾಲೂರಿ ಕೆಳಗಿನಿಂದ ನೋಡುತ್ತಾನೆ. ಯಾವ ಪಟ್ಟಿ ಬಾಗಿಲೊಳಗೆ ಕರಗಿಹೋಗುತ್ತದೋ ಅಷ್ಟೇ ಕೋಟ್ ಕಾರಿಗೆ. ಈ ಕಾರ್ಡ್ ತೋರಿಸಿ ಎಂದು ನೀವೇ ಕೇಳಿ. ಇಂಥ ಕಾರ್ಡ್ ಮಾಡುವ ರೂಢಿಯೇ ಇಲ್ಲದ ಕಡೆ ಪರ್ಲ್ ಕಾರು ಬಿಡಬೇಡಿ.

ಬಂಪರ್ ಮತ್ತು ಬಾಡಿಯ ನಡುವೆ ಚೂರು ವ್ಯತ್ಯಾಸ ಹೊಸ ಕಾರಿನಲ್ಲೂ ಇರಬಹುದು. ಕಾರ್ಖಾನೆಯಲ್ಲಿ ಲೋಹದ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಒಣಗಿಸುತ್ತಾರೆ, ಪ್ಲಾಸ್ಟಿಕ್ ಅಷ್ಟು ಬಿಸಿ ತಡೆಯದ ಕಾರಣ ಬೇರೆಯಾಗಿ, ಕಡಿಮೆ ಬಿಸಿಯಲ್ಲಿ ಒಣಗುತ್ತದೆ. ಬಾಡಿ ಶಾಪ್‌ನ ಬೂತ್ ಸುಮಾರು 60 ಡಿಗ್ರಿ. ಹೊಸದರಲ್ಲೇ ಬಂಪರ್-ಫೆಂಡರ್ ಜೋಡಣೆಯ ಫೋಟೊ ತೆಗೆದಿಟ್ಟಿದ್ದರೆ ‘ಇದು ಮೊದಲೇ ಹೀಗಿತ್ತು’ ಎಂಬ ವಾದಕ್ಕೆ ಉತ್ತರ ಸಿಗುತ್ತದೆ.

ಕಾರು ವಾಪಸು ತೆಗೆದುಕೊಳ್ಳುವಾಗ

ಸಂಜೆ ಆರಕ್ಕೆ ಟ್ಯೂಬ್‌ಲೈಟ್ ಕೆಳಗೆ ಕೀ ಕೊಟ್ಟರೆ ತೆಗೆದುಕೊಳ್ಳಬೇಡಿ, ಬೆಳಗ್ಗೆ ಬರುತ್ತೇನೆ ಎನ್ನಿ. ಬಿಸಿಲಲ್ಲೊಮ್ಮೆ, ನೆರಳಲ್ಲೊಮ್ಮೆ ಸುತ್ತಿ ನೋಡಿ. ಒಂದು ಬೆಳಕಲ್ಲಿ ತಾಳೆಯಾದದ್ದು ಇನ್ನೊಂದರಲ್ಲಿ ಬೇರೆಯಾಗಿ ಕಾಣುವ ಬಣ್ಣಗಳಿವೆ. ವ್ಯತ್ಯಾಸ ಕಂಡರೆ ತೃಪ್ತಿಪತ್ರಕ್ಕೆ ಸಹಿ ಮಾಡುವ ಮುನ್ನವೇ ಜಾಬ್ ಕಾರ್ಡ್ ಮೇಲೆ ಬರೆಸಿ. ಹೊಸ ಪೇಂಟ್‌ಗೆ ಸುಮಾರು ಒಂದು ತಿಂಗಳು ವ್ಯಾಕ್ಸ್, ಸೆರಾಮಿಕ್ ಕೋಟಿಂಗ್ ಬೇಡ. ಮ್ಯಾಟ್ ಕಾರಿಗೆ ವ್ಯಾಕ್ಸ್ ಯಾವತ್ತೂ ಬೇಡ, ಬ್ರಶ್ ತಿರುಗುವ ಆಟೊಮ್ಯಾಟಿಕ್ ವಾಶ್ ಕೂಡ ಬೇಡ.

ಬಣ್ಣವನ್ನೇ ಬದಲಾಯಿಸಬೇಕೆಂದಿದ್ದರೆ

ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೂ ವಾಹನಕ್ಕೂ ತಾಳೆ ತಪ್ಪುವಂತೆ ಮಾರ್ಪಾಡು ಮಾಡುವಂತಿಲ್ಲ. ಹಾಗಾಗಿ ಮೊದಲು ಆರ್‌ಟಿಒ, ಆಮೇಲೆ ಪೇಂಟರ್. ಆರ್‌ಸಿ, ಚಾಲ್ತಿಯ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಇಟ್ಟುಕೊಂಡು ಅರ್ಜಿ ಹಾಕಿ. ಬಣ್ಣ ಹೊಡೆಸಿ ಇನ್‌ಸ್ಪೆಕ್ಟರ್‌ಗೆ ಗಾಡಿ ತೋರಿಸಿ, ತಿದ್ದಿದ ಆರ್‌ಸಿ ಕೈಗೆ ಬಂದ ಕೂಡಲೇ ವಿಮಾ ಕಂಪನಿಗೂ ಕಳಿಸಿ. ಇಡೀ ಕಾರಿನ ಬಣ್ಣ ಮುಚ್ಚುವ ರ‍್ಯಾಪ್ ಹಾಕಿಸುವವರೂ ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯಲಿ. ಪಾರದರ್ಶಕ ಪಿಪಿಎಫ್‌ನಿಂದ ಬಣ್ಣ ಬದಲಾಗುವುದಿಲ್ಲ, ಆ ಗೊಡವೆಯಿಲ್ಲ. ಒಂದು ಬಣ್ಣಕ್ಕಂತೂ ಅನುಮತಿಯೇ ಇಲ್ಲ: ಸೇನೆಯ ಆಲಿವ್ ಹಸಿರು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅದನ್ನು ರಕ್ಷಣಾ ಇಲಾಖೆಗೆ ಮೀಸಲಿಟ್ಟಿದೆ. ಹಳೆಯ ಜೀಪ್ ಪ್ರೇಮಿಗಳು ಇದನ್ನು ಗಮನಿಸಬೇಕು.

ಕಂಪನಿ ಬ್ಲೆಂಡ್ ಒಪ್ಪದಿದ್ದರೆ

ಮೊದಲು ಆ ಕಂಪನಿಯ ಗ್ರೀವೆನ್ಸ್ ವಿಭಾಗಕ್ಕೆ ಬರೆಯಿರಿ. ಸರ್ವೇಯರ್ ಇಮೇಲ್, ವರ್ಕ್‌ಶಾಪ್ ಪತ್ರ, ಬಿಸಿಲಲ್ಲಿ ತೆಗೆದ ಫೋಟೊ ಲಗತ್ತಿಸಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.